ಮನೆಗೊಂದು ಈಜುಕೊಳ ಬೇಕೆ?



ಚಿಕ್ಕೋಡಿ, ರಾಯಬಾಗ ಕಡೆ ಈಚೆಗೆ ಏಳುತ್ತಿರುವ ತೋಟದ ಮನೆಗಳ ನಕಾಶೆ ನೋಡಿದವರಿಗೆ ಒಂದು ಹೊಸ ಸಂಗತಿ ಕಣ್ಣಿಗೆ ಬಿದ್ದಿರಬೇಕು. ಕಬ್ಬಿನ ಬಿಲ್ಲು ಕೈಗೆ ಬಂದ ವರ್ಷ ಪಾಯ ತೋಡುವುದು ನಮ್ಮ ಕಡೆಯ ಹಳೆಯ ರೂಢಿ. ಮೊದಲು ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸಿದರು, ಆಮೇಲೆ ಗ್ರಾನೈಟ್ ಬಂತು, ಆಮೇಲೆ ಮಾಡ್ಯುಲರ್ ಕಿಚನ್ ಬಂತು. ಈಗ ಇಂಜಿನಿಯರು ಬಿಡಿಸಿಕೊಡುವ ಹಾಳೆಯ ಮೂಲೆಯಲ್ಲಿ ನೀಲಿ ಬಣ್ಣದ ಒಂದು ಚೌಕ ಕೂತಿರುತ್ತದೆ. ಸ್ವಿಮ್ಮಿಂಗ್ ಪೂಲು. ನಿಪ್ಪಾಣಿಯ ವ್ಯಾಪಾರಸ್ಥರು, ಅಥಣಿಯ ಡಾಕ್ಟರರು, ಕಾಗವಾಡದ ದ್ರಾಕ್ಷಿ ಬೆಳೆಗಾರರು ಒಮ್ಮೆಯಾದರೂ ಅದರ ರೇಟು ಕೇಳಿ ಬಂದವರೇ.

ಇದು ಉಳ್ಳವರ ಶೋಕಿ ಎಂದು ಮೂಗು ಮುರಿಯಲು ನಾನು ಇಲ್ಲಿ ಕೂತಿಲ್ಲ. ಏಪ್ರಿಲ್ ತಿಂಗಳಲ್ಲಿ ನಲವತ್ತು ಡಿಗ್ರಿ ಬಿಸಿಲು ಹೊಡೆಯುವಾಗ ಅಥಣಿಯ ಮನುಷ್ಯನಿಗೆ ನೀರಿಗೆ ಧುಮುಕಬೇಕು ಅನ್ನಿಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ನನ್ನ ಪ್ರಶ್ನೆ ಇಷ್ಟೇ: ಕಟ್ಟಿದ ಮೇಲೆ ಅದನ್ನು ಸಾಕುವುದು ಹೇಗೆ? ಅಷ್ಟು ಸಾಕಿದ್ದಕ್ಕೆ ಬೆಲೆ ಬರುತ್ತದೆಯೇ?

ನಮ್ಮ ಬಳಗದ ಹುಡುಗನೊಬ್ಬ ಮನೆ ಕಟ್ಟಿಸುವವನಿದ್ದ. ‘ಕಾಕಾ, ಮನೀ ಹಿಂದ ಒಂದು ಪೂಲ್ ಮಾಡಸ್ಬೇಕಂತ ಮಾಡೀನಿ, ನೀವೇನಂತೀರಿ?’ ಅಂದ. ‘ಮಾಡಸಪಾ, ಆದ್ರ ದಿನಾ ಮುಂಜಾನೆ ಅದರ ಚಾಕರಿ ಮಾಡಾವ್ರು ಯಾರು?’ ಎಂದು ಕೇಳಿದೆ. ‘ಚಾಕರೀ ಏನೈತ್ರಿ ಕಾಕಾ, ನೀರ ತುಂಬಿ ಬಿಟ್ರ ಆತು’ ಅಂದುಬಿಟ್ಟ. ಹೆಚ್ಚಿನವರ ತಿಳಿವಳಿಕೆ ಇಲ್ಲೇ ನಿಂತಿರುತ್ತದೆ. ಈಜುಕೊಳವೆಂದರೆ ಮನೆಯಲ್ಲಿ ಕಟ್ಟಿದ ಎಮ್ಮೆ ಇದ್ದಂತೆ. ಹಿಂಡಿದರೂ ಹಿಂಡದಿದ್ದರೂ ವರ್ಷವಿಡೀ ಮೇವು ಹಾಕಲೇಬೇಕು.

ಮೊದಲು ನೀರಿನ ಲೆಕ್ಕ ನೋಡೋಣ. ದೊಡ್ಡದು ಬೇಡ, ಇಪ್ಪತ್ತೈದು ಫೂಟು ಉದ್ದ, ಹನ್ನೆರಡು ಫೂಟು ಅಗಲ, ಸರಾಸರಿ ನಾಲ್ಕೂವರೆ ಫೂಟು ಆಳದ ಸಾಧಾರಣ ಕೊಳ ಹಿಡಿಯಿರಿ. ಅದರಲ್ಲಿ ಸುಮಾರು 38,000 ಲೀಟರ್ ನೀರು ಹಿಡಿಯುತ್ತದೆ. ಜಲಜೀವನ ಮಿಷನ್ ಯೋಜನೆಯಲ್ಲಿ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತುಮಾಡಿದ್ದಾರೆ. ಆ ಪ್ರಕಾರ ನಾಲ್ಕು ಜನರ ಕುಟುಂಬಕ್ಕೆ ಹತ್ತಿರಹತ್ತಿರ ಆರು ತಿಂಗಳು ಸಾಲುವ ನೀರು ಇದು.

ಇರಲಿ, ಒಮ್ಮೆ ತುಂಬಿದರೆ ಮುಗಿಯಿತಲ್ಲ ಅನ್ನುವವರಿದ್ದಾರೆ. ಮುಗಿಯುವುದಿಲ್ಲ. ನಮ್ಮ ಬಯಲು ಸೀಮೆಯಲ್ಲಿ ವರ್ಷಕ್ಕೆ ಆಕಾಶದಿಂದ ಬೀಳುವ ನೀರಿಗಿಂತ ಆಕಾಶಕ್ಕೆ ಹಾರಿಹೋಗುವ ನೀರು ಬಹಳ ಹೆಚ್ಚು. ಏಪ್ರಿಲ್, ಮೇ ತಿಂಗಳಲ್ಲಿ ತೆರೆದ ನೀರು ದಿನಕ್ಕೆ ಏಳು ಮಿಲಿಮೀಟರ್ ಆವಿಯಾಗುತ್ತದೆ ಎಂದು ಹಿಡಿದರೆ, ನಾನು ಹೇಳಿದ ಕೊಳದಿಂದ ದಿನಕ್ಕೆ ಸುಮಾರು 200 ಲೀಟರ್ ಹೋಯಿತು. ತಿಂಗಳಿಗೆ ಆರು ಸಾವಿರ. ಬೇಸಿಗೆಯಲ್ಲಿ ಅಥಣಿ ತಾಲೂಕಿನ ತೆಲಸಂಗ, ಅನಂತಪುರದ ಕಡೆ ನೀರಿನ ಟ್ಯಾಂಕರ್ ಬಂದಾಗ ಕೊಡ ಹಿಡಿದು ನಿಂತವರಿಗೆ ಆರು ಸಾವಿರ ಲೀಟರ್ ಎಂದರೆ ಎಷ್ಟೆಂದು ಚೆನ್ನಾಗಿ ಗೊತ್ತು. ಒಂದು ಟ್ಯಾಂಕರ್ ನೀರು, ಯಾರೂ ಕುಡಿಯದೆ, ಯಾವ ಬೆಳೆಗೂ ಹಾಯದೆ, ಪ್ರತಿ ತಿಂಗಳು ಬರೀ ಬಿಸಿಲಿಗೆ.

ಕೃಷ್ಣೆ ಪಕ್ಕದಲ್ಲೇ ಹರಿಯುವಾಗ ನೀರಿಗೇನು ಬರ ಎಂದು ಕೇಳುವವರು 2019ನೇ ಇಸವಿಯನ್ನು ನೆನಪಿಸಿಕೊಳ್ಳಲಿ. ಆ ವರ್ಷ ಮೇ ತಿಂಗಳಲ್ಲಿ ನಮ್ಮ ಭಾಗದ ಕೃಷ್ಣೆಯ ಪಾತ್ರ ಒಣಗಿ, ಕೊಯ್ನಾ ಜಲಾಶಯದಿಂದ ನೀರು ಬಿಡಿ ಎಂದು ಮಹಾರಾಷ್ಟ್ರಕ್ಕೆ ಮೊರೆಯಿಡಬೇಕಾಯಿತು. ಮೂರೇ ತಿಂಗಳಲ್ಲಿ, ಆಗಸ್ಟಿನಲ್ಲಿ, ಅದೇ ಹೊಳೆ ಊರಿಗೆ ಊರನ್ನೇ ಮುಳುಗಿಸಿತು. ಯಮಗರ್ಣಿ ಹತ್ತಿರ ವೇದಗಂಗೆ ಹೆದ್ದಾರಿಯ ಮೇಲೆ ಹರಿದಳು. 2021ರಲ್ಲಿ ಮತ್ತೊಮ್ಮೆ ಹರಿದಳು. ನೀರು ಇಲ್ಲದ ದಿನ ತೀರಾ ಇಲ್ಲ, ಬಂದ ದಿನ ತಡೆಯಲಾರದಷ್ಟು. ಇಂಥ ಸೀಮೆಯಲ್ಲಿ ಈಜುಕೊಳ ಕಟ್ಟುವವನು ಎರಡಕ್ಕೂ ತಯಾರಾಗಿರಬೇಕು.

ಬೇರೆ ಊರುಗಳಲ್ಲಿ ಏನಾಯಿತು ನೋಡಿ. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರವಾದಾಗ ಈಜುಕೊಳಕ್ಕೆ ಕುಡಿಯುವ ನೀರು ಬಳಸಬಾರದು ಎಂದು ಜಲಮಂಡಳಿ ಆಜ್ಞೆ ಮಾಡಿತು. ಮೀರಿದವರಿಗೆ 5,000 ರೂಪಾಯಿ ದಂಡ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಪಟ್ಟಣ 2018ರಲ್ಲಿ ನಲ್ಲಿಗಳನ್ನೇ ಬಂದ್ ಮಾಡುವ ಹಂತಕ್ಕೆ ಬಂದಿತ್ತು. ಆ ಊರಿನ ನೀರಿನ ಬಳಕೆಯ ಮೇಲೆ 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಶೇಕಡಾ 14ಕ್ಕೂ ಕಡಿಮೆ ಇದ್ದ ಉಳ್ಳವರೇ ಊರಿನ ಅರ್ಧಕ್ಕಿಂತ ಹೆಚ್ಚು ನೀರು ಬಳಸುತ್ತಿದ್ದರು. ತೋಟಗಳು, ಈಜುಕೊಳಗಳು ಕುಡಿದ ನೀರು ಅದರಲ್ಲಿ ದೊಡ್ಡ ಪಾಲು. ನಮ್ಮ ಹಳ್ಳಿಗಳಲ್ಲಿ ಇನ್ನೂ ಯಾರೂ ದಂಡ ಹಾಕುವುದಿಲ್ಲ. ಆದರೆ ಪಕ್ಕದ ಮನೆಯವರ ಬೋರ್ ನಿಂತು, ನಿಮ್ಮ ಹಿತ್ತಲಲ್ಲಿ ನೀಲಿ ನೀರು ಮಿಂಚುತ್ತಿದ್ದರೆ ಊರಿನವರ ಕಣ್ಣಲ್ಲಿ ನೀವು ಏನಾಗುತ್ತೀರಿ ಎಂಬುದು ನಿಮಗೇ ಗೊತ್ತು.

ಇನ್ನು ನೀರನ್ನು ಚೊಕ್ಕ ಇಡುವ ಕೆಲಸ. ನಿಂತ ನೀರಿಗೆ ಕ್ಲೋರಿನ್ ಬೇಕು. ಹತ್ತು ಲಕ್ಷ ಪಾಲಿನಲ್ಲಿ ಒಂದರಿಂದ ಮೂರು ಪಾಲು, ಅದಕ್ಕಿಂತ ಕಡಿಮೆಯಾದರೆ ಪಾಚಿ, ಹೆಚ್ಚಾದರೆ ಚರ್ಮಕ್ಕೆ ಉರಿ. ನಮ್ಮಲ್ಲಿ ಸುಲಭವಾಗಿ ಸಿಗುವುದು ಬ್ಲೀಚಿಂಗ್ ಪೌಡರ್. ಅದರಲ್ಲಿ ಕ್ಲೋರಿನ್ ಸುಮಾರು ಮೂರನೇ ಒಂದು ಭಾಗ ಮಾತ್ರ. ಹಳೆಯ ಚೀಲವಾದರೆ ಅದೂ ಇಲ್ಲ. ನಮ್ಮ ಲೆಕ್ಕದ ಕೊಳಕ್ಕೆ ದಿನಾ ಕಾಲು ಕಿಲೋ ಬೇಕಾಗುತ್ತದೆ. ಅದನ್ನು ನೇರವಾಗಿ ಸುರಿದರೆ ತಳದಲ್ಲಿ ಸುಣ್ಣ ಕೂಡುತ್ತದೆ, ಬಕೆಟ್ಟಿನಲ್ಲಿ ಕದಡಿ, ತಿಳಿಯಾದ ಮೇಲೆ ಮೇಲಿನ ನೀರಷ್ಟೇ ಹಾಕಬೇಕು. ಅದನ್ನೂ ಸಂಜೆ ಹಾಕಬೇಕು. ಮಧ್ಯಾಹ್ನದ ಬಿಸಿಲಿಗೆ ಕ್ಲೋರಿನ್ ಕೆಲವೇ ತಾಸಿನಲ್ಲಿ ಹಾರಿಹೋಗುತ್ತದೆ.

ಅಷ್ಟಕ್ಕೇ ಮುಗಿಯದು. ನಮ್ಮ ಎರೆಭೂಮಿಯ ಬೋರಿನ ನೀರು ಗಡಸು. ಬಾಂಡೆಯ ಮೇಲೆ, ಗೀಸರಿನ ಒಳಗೆ ಕಟ್ಟುವ ಬಿಳಿ ಕರೆ ಕೊಳದ ಟೈಲ್ಸಿನ ಮೇಲೂ ಕಟ್ಟುತ್ತದೆ. ಬ್ಲೀಚಿಂಗ್ ಪೌಡರಿನಲ್ಲೂ ಸುಣ್ಣವೇ ಇರುವುದರಿಂದ ಹಾಕಿದಷ್ಟೂ ಗಡಸು ಏರುತ್ತದೆ, ಪಿಎಚ್ ಕೂಡ ಏರುತ್ತದೆ. ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಎಂಟು ದಾಟಿತೆಂದರೆ ಹಾಕಿದ ಕ್ಲೋರಿನ್ನಿನಲ್ಲಿ ಕಾಲು ಭಾಗವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಆಸಿಡ್ ಹಾಕಬೇಕು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಬ್ಲೀಚಿಂಗ್ ಪೌಡರನ್ನೂ ಆಸಿಡ್ಡನ್ನೂ ಒಂದೇ ಕೋಲಿಯಲ್ಲಿ ಇಡಬೇಡಿ, ಒಂದೇ ಬಕೆಟ್ಟಿನಲ್ಲಿ ಕಲೆಸಬೇಡಿ. ಎರಡೂ ಕೂಡಿದರೆ ಏಳುವುದು ವಿಷದ ಗಾಳಿ. ಕೆಲಸದ ಹುಡುಗನ ಕೈಗೆ ಡಬ್ಬಿ ಕೊಟ್ಟು ‘ಹಾಕಿ ಬಾ’ ಎಂದು ಕಳಿಸುವ ಸಾಹುಕಾರರು ಇದನ್ನು ಮೊದಲು ತಾವು ಕಲಿತಿರಬೇಕು.

ಕೊಳದ ಹತ್ತಿರ ಹೋದರೆ ಗಮ್ಮೆಂದು ಔಷಧದ ವಾಸನೆ ಬರುತ್ತದೆ, ನೀರು ಬಹಳ ಸ್ವಚ್ಛ ಇದೆ ಎಂದು ಕೆಲವರು ಹೊಗಳುವುದುಂಟು. ಸಂಗತಿ ಉಲ್ಟಾ. ಬೆವರು, ಉಚ್ಚೆ ಕ್ಲೋರಿನ್ನಿನ ಜೊತೆ ಕೂಡಿದಾಗ ಹುಟ್ಟುವ ವಾಸನೆ ಅದು. ಕಣ್ಣು ಕೆಂಪಾಗುವುದೂ ಅದರಿಂದಲೇ. ನೀರಿಗೆ ಇಳಿಯುವ ಮೊದಲು ಮೈ ತೊಳೆದುಕೊಳ್ಳಬೇಕು ಎಂಬ ನಿಯಮ ಬರೀ ಶಿಸ್ತಿಗಾಗಿ ಮಾಡಿದ್ದಲ್ಲ.

ಈಗ ನಮ್ಮ ಕಬ್ಬಿನ ಸೀಮೆಗೇ ಮೀಸಲಾದ ಒಂದು ಕಿರಿಕಿರಿ. ಈಜುಕೊಳ ಮಾರುವ ಕಂಪನಿಯ ಪುಸ್ತಕದಲ್ಲಿ ಇದು ಇರುವುದಿಲ್ಲ. ದೀಪಾವಳಿ ಆಸುಪಾಸಿನಿಂದ ಕಬ್ಬು ನುರಿಸುವ ಹಂಗಾಮು ಶುರು. ಕಾರ್ಖಾನೆಗಳ ಚಿಮಣಿಗಳಿಂದ ಹಾರುವ ಕರಿ ಬೂದಿ ಒಣಹಾಕಿದ ಧೋತರದ ಮೇಲೆ, ಹಪ್ಪಳದ ಮೇಲೆ ಬೀಳುವುದು ನಮಗೆ ಗೊತ್ತಿದ್ದದ್ದೇ. ಕಬ್ಬು ಕಡಿದ ಗದ್ದೆಯಲ್ಲಿ ರವದಿಗೆ ಬೆಂಕಿ ಇಟ್ಟರೆ ಕರಿ ಎಳೆಗಳು ಅರ್ಧ ಮೈಲು ಹಾರಿ ಬರುತ್ತವೆ. ಅವೆಲ್ಲ ಹೋಗಿ ಕೂಡುವುದು ನಿಮ್ಮ ನೀಲಿ ಕೊಳದಲ್ಲಿ. ಮೇಲೆ ತೇಲಿದ್ದನ್ನು ಬಲೆಯಿಂದ ತೆಗೆಯಬಹುದು. ನೆನೆದು ತಳಕ್ಕೆ ಇಳಿದದ್ದಕ್ಕೆ ಪಟಿಕ, ಅಂದರೆ ನಮ್ಮ ತುರಟಿ ಹಾಕಿ ಒಂದು ರಾತ್ರಿ ಬಿಟ್ಟು, ಮುಂಜಾನೆ ಪೈಪು ಹಿಡಿದು ಎಳೆಯಬೇಕು. ಎಳೆದ ಕೊಳೆಯ ಜೊತೆ ನೀರೂ ಹೋಗುತ್ತದೆ. ಫಿಲ್ಟರಿನ ಉಸುಕು ತೊಳೆಯಲು ವಾರಕ್ಕೊಮ್ಮೆ ಇನ್ನೂ ಕೆಲವು ನೂರು ಲೀಟರ್. ನಿಪ್ಪಾಣಿಯವರಿಗೆ ಬೂದಿಯ ಜೊತೆ ತಂಬಾಕಿನ ಧೂಳು ಉಚಿತ.

ನೆಲದ ವಿಚಾರವೂ ಇದೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಮನೆಯ ಗೋಡೆಗೇ ಬಿರುಕು ಬಿಡಿಸುವ ಈ ಮಣ್ಣು ನೀರು ತುಂಬಿದ ಕಾಂಕ್ರೀಟಿನ ತೊಟ್ಟಿಯನ್ನು ಸುಮ್ಮನೆ ಬಿಟ್ಟೀತೆ? ಕೂದಲೆಳೆಯಷ್ಟು ಸೀಳು ಬಿಟ್ಟರೂ ಸಾಕು, ನೀರು ಎಲ್ಲಿ ಹೋಗುತ್ತಿದೆ ಎಂದು ಹುಡುಕುವುದರಲ್ಲೇ ಒಂದು ಬೇಸಿಗೆ ಕಳೆಯುತ್ತದೆ. ಹೊಳೆ ದಂಡೆಯ ಊರುಗಳಲ್ಲಿ, ಮಾಂಜರಿ, ಯಡೂರು, ಕುಡಚಿಯ ಬದಿಗೆ, ಇದರ ತದ್ವಿರುದ್ಧ ತೊಂದರೆ ಬರಬಹುದು. ಮಳೆಗಾಲದಲ್ಲಿ ನೆಲದೊಳಗಿನ ನೀರು ಮೇಲೇರಿದಾಗ ಕೊಳವನ್ನು ತೊಳೆಯಲೆಂದು ಖಾಲಿ ಮಾಡಿದಿರೋ, ಕೆಳಗಿನ ಒತ್ತಡಕ್ಕೆ ಇಡೀ ತೊಟ್ಟಿ ದೋಣಿಯಂತೆ ಮೇಲಕ್ಕೆ ಎದ್ದು ಒಡೆಯಬಹುದು. ತುಂಬಿದ ಕೊಳ ತನ್ನ ಭಾರಕ್ಕೆ ತಾನೇ ಕೂತಿರುತ್ತದೆ. ಖಾಲಿ ಮಾಡುವುದಿದ್ದರೆ ಬೇಸಿಗೆಯಲ್ಲೇ ಮಾಡಬೇಕು, ಅಂದರೆ ನೀರು ಅತಿ ತುಟ್ಟಿಯಾದ ದಿನಗಳಲ್ಲಿ.

ಕರೆಂಟಿನ ಬಗ್ಗೆ ಬೇಗ ಹೇಳಿ ಮುಂದೆ ಹೋಗುತ್ತೇನೆ. ಒಂದು ಎಚ್‌ಪಿ ಪಂಪು ದಿನಕ್ಕೆ ಆರು ತಾಸು ತಿರುಗಿದರೆ ನಾಲ್ಕೂವರೆ ಯೂನಿಟ್, ತಿಂಗಳಿಗೆ ಸುಮಾರು 135. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಎಂಟುನೂರು ರೂಪಾಯಿ. ಈಜುಕೊಳ ಕಟ್ಟುವವನಿಗೆ ಇದೇನು ಭಾರವಲ್ಲ. ಆದರೆ 2023ರ ಜುಲೈನಿಂದ ಗೃಹಜ್ಯೋತಿ ಇದೆಯಲ್ಲ, ಅದರಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನೂರು ಯೂನಿಟ್ಟಿನ ಮನೆ ಪಂಪಿನಿಂದಾಗಿ ಇನ್ನೂರಮೂವತ್ತೈದಕ್ಕೆ ಹೋದರೆ, ಅಲ್ಲಿಯವರೆಗೆ ಪುಕ್ಕಟೆ ಉರಿಯುತ್ತಿದ್ದ ಬಲ್ಬಿಗೂ ರೊಕ್ಕ. ಕರೆಂಟು ಹೋಗಿ ಪಂಪು ಎರಡು ದಿನ ನಿಂತರೆ ಏಪ್ರಿಲ್ ತಿಂಗಳಲ್ಲಿ ನೀರು ಹಸಿರಾಗುತ್ತದೆ. ಹಸಿರಾದ ನೀರನ್ನು ನೀವು ಒಂದು ವಾರ ಮರೆತರೆ ಸೊಳ್ಳೆಗಳು ಮರೆಯುವುದಿಲ್ಲ.

ಇಷ್ಟೆಲ್ಲ ಚಾಕರಿ ಮಾಡಿ ಈಜುವುದು ಎಷ್ಟು ದಿನ? ನಮ್ಮ ಹವೆಯಲ್ಲಿ ಹೋಳಿ ಹುಣ್ಣಿವೆಯಿಂದ ಕಾರ ಹುಣ್ಣಿವೆಯವರೆಗೆ. ಆಮೇಲೆ ಮಳೆ, ಮೋಡ, ತಂಪು ಗಾಳಿ, ಮಕ್ಕಳಿಗೆ ಸಾಲಿ. ಚಳಿಗಾಲದಲ್ಲಿ ಬೆಳಗಿನ ಹೊತ್ತು ಕೊಳದ ನೀರಿಗೆ ಕಾಲಿಡುವ ಧೈರ್ಯ ಯಾರಿಗೂ ಇಲ್ಲ. ಆ ಮೂರು ತಿಂಗಳಲ್ಲೂ ಮೊದಲನೇ ವರ್ಷ ಬೀಗರು, ಗೆಳೆಯರು, ಫೋಟೋ ತೆಗೆಯುವವರು ಎಲ್ಲ ಬರುತ್ತಾರೆ. ಮೂರನೇ ವರ್ಷ ದಂಡೆಯ ಮೇಲೆ ಮೆಣಸಿನಕಾಯಿ ಒಣಹಾಕಿರುತ್ತಾರೆ.

ಎಲ್ಲಕ್ಕಿಂತ ದೊಡ್ಡ ಖರ್ಚು ಎಚ್ಚರದ ಖರ್ಚು. ಸಣ್ಣ ಕೂಸು ನೀರಿನಲ್ಲಿ ಮುಳುಗುವಾಗ ಸಿನಿಮಾದಲ್ಲಿ ತೋರಿಸಿದ ಹಾಗೆ ಕೂಗುವುದಿಲ್ಲ, ಕೈ ಬಡಿಯುವುದಿಲ್ಲ. ಅಡಿಗೆಮನೆಯಲ್ಲಿ ಒಂದು ರೊಟ್ಟಿ ಬೇಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು ಮೂರು ಲಕ್ಷ ಜನ ನೀರಲ್ಲಿ ಮುಳುಗಿ ಸತ್ತರು, ಅದರಲ್ಲಿ ದೊಡ್ಡ ಪಾಲು ಮಕ್ಕಳದು. ಕೊಳದ ಸುತ್ತ ನಾಲ್ಕು ಫೂಟಿನ ಬೇಲಿ, ತಾನೇ ಮುಚ್ಚಿಕೊಳ್ಳುವ ಬಾಗಿಲು, ತಳದ ತೂತಿಗೆ ಗಟ್ಟಿಯಾದ ಜಾಳಿಗೆ, ಇವನ್ನು ಸೌಂದರ್ಯ ಕೆಡುತ್ತದೆ ಎಂದು ಬಿಟ್ಟವರು ಕೊಳವನ್ನೇ ಬಿಡುವುದು ಒಳ್ಳೆಯದು. 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಪ್ಲಾಸ್ಟಿಕ್ ಹಾಸಿನ ಕೃಷಿ ಹೊಂಡಗಳಿಗೂ ಈ ಮಾತು ಸಲ್ಲುತ್ತದೆ. ಅವುಗಳಲ್ಲಿ ಈಸಲು ಮಕ್ಕಳನ್ನು ಬಿಡಲೇಬೇಡಿ. ಪಾಚಿ ಕಟ್ಟಿದ ಪ್ಲಾಸ್ಟಿಕ್ಕಿನ ಮೇಲೆ ಕಾಲು ನಿಲ್ಲುವುದಿಲ್ಲ, ಒಳ್ಳೆ ಈಜುಗಾರನಿಗೂ ಮೇಲೆ ಹತ್ತಲು ಬರುವುದಿಲ್ಲ.

ಹಾಗಾದರೆ ಈಸುವ ಆಸೆ ಬಿಟ್ಟೇಬಿಡಬೇಕೇ? ಬಿಡಬೇಕಿಲ್ಲ. ಈ ಸೀಮೆಯಲ್ಲಿ ಈಜುಕೊಳಗಳು ಹಿಂದಿನಿಂದಲೂ ಇದ್ದವು, ನಾವು ಅವನ್ನು ಆ ಹೆಸರಿನಿಂದ ಕರೆಯಲಿಲ್ಲ ಅಷ್ಟೆ. ಕಲ್ಲು ಕಟ್ಟಿದ ದೊಡ್ಡ ಬಾವಿಗಳು, ಇಳಿಯಲು ಮೆಟ್ಟಿಲು, ಬೆನ್ನಿಗೆ ಒಣಗಿದ ಸೋರೆಕಾಯಿ ಇಲ್ಲವೆ ಖಾಲಿ ಡಬ್ಬಿ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಮೇಲೆ ಸೋದರಮಾವ ಹಗ್ಗ ಹಿಡಿದು ನಿಂತು ಕಲಿಸಿದ ಈಸು. ಪಂಪು ದಿನಾ ನೀರೆತ್ತುತ್ತಿತ್ತು, ಸೆಲೆ ದಿನಾ ಹೊಸ ನೀರು ಕೊಡುತ್ತಿತ್ತು. ಯಾರೂ ಕ್ಲೋರಿನ್ ಅಳೆಯಲಿಲ್ಲ. ಕೊಳವೆಬಾವಿ ಬಂದ ಮೇಲೆ ಆ ಬಾವಿಗಳ ಸೆಲೆ ಬತ್ತಿತು, ಎಷ್ಟೋ ಬಾವಿಗಳು ಕಸದ ತಿಪ್ಪೆಯಾದವು. ಆದರೂ ಕಾಲುವೆ, ಏತ ನೀರಾವರಿಯ ನೀರು ಹಾಯುವ ಕಡೆ ಇವತ್ತಿಗೂ ತುಂಬಿ ನಿಂತ ಬಾವಿಗಳಿವೆ.

ಬಾವಿ ಇಲ್ಲದವರಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಒಪ್ಪಿಗೆ: ತೋಟದ ಹೌದ. ಕೊಳಕ್ಕೆ ಹಾಕುವ ರೊಕ್ಕದಲ್ಲಿ ಅರ್ಧ ಹಾಕಿ, ನೆಲದ ಮೇಲೆ ಎತ್ತರವಾಗಿ, ಅದೇ ಅಳತೆಯ ಒಂದು ಹೌದ ಕಟ್ಟಿಸಿ. ಸೆಕೆಂಡಿಗೆ ಮೂರು ಲೀಟರ್ ಕೊಡುವ ಪಂಪು ಮೂರೂವರೆ ತಾಸಿನಲ್ಲಿ ಅದನ್ನು ತುಂಬಿಸುತ್ತದೆ. ಡ್ರಿಪ್ ಹಾಕಿದ ಎರಡು ಎಕರೆ ಕಬ್ಬಿಗೆ ಬೇಸಿಗೆಯಲ್ಲಿ ಒಂದು ದಿನಕ್ಕೆ ಬೇಕಾಗುವ ನೀರೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಮುಂಜಾನೆ ತುಂಬಿದ ನೀರಲ್ಲಿ ಮಧ್ಯಾಹ್ನ ಮಕ್ಕಳು ಈಸುತ್ತಾರೆ, ಸಂಜೆ ಅದೇ ನೀರು ಕಬ್ಬಿಗೋ ದ್ರಾಕ್ಷಿಗೋ ಹೋಗುತ್ತದೆ. ನಿಂತು ಕೊಳೆಯುವ ಮಾತಿಲ್ಲ, ಔಷಧ ಸುರಿಯುವ ಕೆಲಸವಿಲ್ಲ, ಫಿಲ್ಟರ್ ಬೇಡ. ಪಂಪಿನ ಕರೆಂಟೂ ಬೆಳೆಯ ಲೆಕ್ಕಕ್ಕೇ ಹೋಯಿತು. ಹತ್ತು ಎಚ್‌ಪಿವರೆಗಿನ ನೀರಾವರಿ ಪಂಪಿಗೆ ಸರಕಾರ ಬಿಲ್ಲೇ ಹಾಕುವುದಿಲ್ಲ. ಎರಡು ಷರತ್ತು ಮಾತ್ರ. ಗೊಬ್ಬರ ಕರಗಿಸುವ, ಎಣ್ಣೆ ಹೊಡೆಯಲು ನೀರು ಕಲೆಸುವ ಬ್ಯಾರಲ್ ಬೇರೆಯೇ ಇರಲಿ, ಹೌದಿನ ಹತ್ತಿರ ಸುಳಿಯದಿರಲಿ. ಎರಡು ವಾರಕ್ಕೊಮ್ಮೆ ಹೌದವನ್ನು ಪೂರ್ತಿ ಖಾಲಿ ಮಾಡಿ, ಗೋಡೆ ತಿಕ್ಕಿ, ಸುಣ್ಣ ಬಳಿಯಿರಿ. ಬೇಲಿ, ಏಣಿ ಹೌದಕ್ಕೂ ಬೇಕು.

ಊರೊಳಗೆ, ಪ್ಲಾಟಿನಲ್ಲಿ ಮನೆ ಕಟ್ಟುವವರಿಗೆ ಹೌದವೂ ಇಲ್ಲ, ಬಾವಿಯೂ ಇಲ್ಲ. ಅವರಿಗೆ ನನ್ನ ಸಲಹೆ ನೇರ: ಕಟ್ಟಬೇಡಿ. ಒಂದು ಮನೆಯವರು ವರ್ಷಕ್ಕೆ ಎರಡು ಮೂರು ತಿಂಗಳು ಈಸುವ ಕೊಳಕ್ಕೂ, ಇಡೀ ಊರು ಈಸುವ ಕೊಳಕ್ಕೂ ಚಾಕರಿಯ ಬಗೆ ಒಂದೇ. ನೂರು ಜನ ಹಂಚಿಕೊಂಡಾಗ ಮಾತ್ರ ಈ ಲೆಕ್ಕ ಕೂಡುತ್ತದೆ. ಬೆಳಗಾವಿಯ ಕೆಎಲ್‌ಇ ಸಂಸ್ಥೆಯ ಈಜುಕೊಳದಲ್ಲಿ ಎಷ್ಟೋ ಮಕ್ಕಳು ಕಲಿತು ಸ್ಪರ್ಧೆಗಳಿಗೆ ಹೋಗುತ್ತಿದ್ದಾರೆ. ನಮ್ಮ ಪಕ್ಕದ ಕೊಲ್ಹಾಪುರದ ವೀರಧವಲ ಖಾಡೆ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದವರು. ಹೊಳೆ ದಂಡೆಯ ನಮ್ಮ ಮಕ್ಕಳ ತೋಳಿನಲ್ಲಿ ಬಲ ಕಡಿಮೆ ಇಲ್ಲ, ಕಲಿಸುವ ಜಾಗ ಕಡಿಮೆ ಇದೆ. ಹಿತ್ತಲ ಕೊಳಕ್ಕೆ ಲಕ್ಷಗಳನ್ನು ತೆಗೆದಿಟ್ಟ ಹತ್ತು ಮನೆಯವರು ಕೂಡಿ ಕೂತು, ಪುರಸಭೆಯವರ ಮುಂದೆ, ಶಿಕ್ಷಣ ಸಂಸ್ಥೆಗಳವರ ಮುಂದೆ ಊರಿಗೊಂದು ಕೊಳದ ಮಾತು ಇಡಬಹುದು.

ಇಷ್ಟು ಕೇಳಿಯೂ ಕಟ್ಟಿಸುತ್ತೇನೆ ಅನ್ನುವವರು ಸಣ್ಣದು ಕಟ್ಟಿಸಿ, ಮೇಲೊಂದು ಹೊದಿಕೆ ಮಾಡಿಸಿ. ರಾತ್ರಿ, ಮತ್ತು ಈಸದ ದಿನ, ಮುಚ್ಚಿಟ್ಟರೆ ಆವಿಯಾಗುವ ನೀರು ಬಹುಪಾಲು ಉಳಿಯುತ್ತದೆ, ಬೂದಿಯೂ ಬೀಳುವುದಿಲ್ಲ. ಚಾವಣಿಯ ಮಳೆನೀರನ್ನು ಕೊಳಕ್ಕೆ ತಿರುಗಿಸಿ; ಅದು ಬೋರಿನ ನೀರಿನಷ್ಟು ಗಡಸಲ್ಲ. ಎರೆ ಮಣ್ಣನ್ನು ತೆಗೆಸಿ ಮೊರಂ ತುಂಬಿಸದೆ ತಳ ಹಾಕಿಸಬೇಡಿ.

ತೋಟದಲ್ಲಿ ಬಾವಿ, ಹೌದ ಇದ್ದವರಿಗೆ ಒಂದು ವಿನಂತಿ. ಬರುವ ಬೇಸಿಗೆ ಸೂಟಿಗೆ ಮೊದಲು ಅದರ ಮೆಟ್ಟಿಲು ರಿಪೇರಿ ಮಾಡಿಸಿ, ಸುತ್ತ ಬೇಲಿ ಹಾಕಿಸಿ, ಒಂದು ಗಟ್ಟಿ ಹಗ್ಗ ಕಟ್ಟಿಡಿ. ಆಮೇಲೆ ನಿಮ್ಮ ಮಕ್ಕಳನ್ನೂ ನೆರೆಮನೆಯ ಮಕ್ಕಳನ್ನೂ, ಗಂಡು ಹೆಣ್ಣೆಂದು ಭೇದ ಮಾಡದೆ, ನೀವೇ ನಿಂತು ಈಸು ಕಲಿಸಿ.